ಸೋಶಿಯಲ್ ಸೈನ್ಸ್ ರಿಸರ್ಚ್‌ನಿಂದ ನಿಜವಾಗ್ಲೂ ಏನಾದ್ರೂ ಬದಲಾಗಿದ್ಯಾ?

ತುಮಕೂರ್_ಕಡೆಯವ್ನು:
ಎಂಎ ಸೋಶಿಯಾಲಜಿ, ಎರಡನೇ ವರ್ಷ. ಡಿಪಾರ್ಟ್‌ಮೆಂಟಲ್ಲಿ ಡಿಸರ್ಟೇಷನ್ ಟಾಪಿಕ್ ಕೊಡು ಅಂತಿದಾರೆ, ಮನೇಲಿ ನೋಡಿದ್ರೆ ನಮ್ಮ ಮಾವ "ಹಳ್ಳಿಗೆ ಹೋಗಿ ನಾಲ್ಕು ಜನನ್ನ ಕೇಳಿ, ಅವ್ರು ಹೇಳಿದ್ದನ್ನೇ ಬರ್ದು ಬೈಂಡ್ ಮಾಡ್ಸೋಕೆ ಎರಡು ವರ್ಷ ಬೇಕೇನೋ" ಅಂತ ಎಲ್ರೆದುರು ಆಡ್ಕೊಳ್ತಾರೆ. ಸೈನ್ಸ್‌ನೋರಿಗೆ ಲಸಿಕೆ, ರಾಕೆಟ್ಟು ಅಂತ ತೋರ್ಸೋಕೆ ಏನಾದ್ರೂ ಇರುತ್ತೆ, ನಮ್ಗೆ ಏನಿದೆ? ದಯವಿಟ್ಟು "ಸಮಾಜದಲ್ಲಿ ಅರಿವು ಮೂಡಿಸುತ್ತೆ" ಥರದ ಉತ್ತರ ಬೇಡ, ಅದನ್ನ ಎಕ್ಸಾಮಲ್ಲಿ ಬರ್ದು ಬರ್ದು ಸಾಕಾಗಿದೆ. ಇಂಥ ಸ್ಟಡಿ ಆಯ್ತು, ಅದ್ರಿಂದ ಇಂಥದ್ದು ಆಯ್ತು ಅಂತ ಇದ್ರೆ ಹೇಳಿ.

ಲಾಸ್ಟ್_ಬೆಂಚ್:
ಮಾವ ಕರೆಕ್ಟ್ ಗುರು. ಥೀಸಿಸ್ ಟೈಟಲ್ಲಲ್ಲಿ ಜಿಲ್ಲೆ ಹೆಸ್ರು ಮಾತ್ರ ಬದಲಾಗುತ್ತೆ, ಒಳಗಡೆ ಎಲ್ಲಾ ಅದೇ. ಕೆಎಎಸ್‌ಗೆ ಓದ್ಕೊ.

ರಾಯಚೂರ್_ಮಂದಿ:
ಥೀಸಿಸ್ ಮಾತು ಬಿಡ್ರಿ ಲಾಸ್ಟ್ ಬೆಂಚ್ ಅಣ್ಣಾರ, ನಾ ಒಂದು ರಿಪೋರ್ಟಿಂದ ಹೇಳ್ತೀನಿ. ನಂಜುಂಡಪ್ಪ ವರದಿ ಅಂತ ಎಲ್ಲಾರೂ ಅಂತಾರ, ಒಳಗ ಏನದ ಅಂತ ತೆಗದು ನೋಡಿದವ್ರು ಕಡಿಮಿ. ಮೊದ್ಲು ನಮ್ಮ ಕಡಿ ಮಂದಿ "ನಮಗ ಅನ್ಯಾಯ ಆಗ್ಯದ" ಅಂದ್ರ ಬೆಂಗಳೂರಾಗ "ಇವ್ರದು ಯಾವಾಗ್ಲೂ ಇದೇ" ಅಂತ ಬಿಟ್ಟುಬಿಡ್ತಿದ್ರು. ಯಾವ ಭಾಗ ಎಷ್ಟು ಹಿಂದುಳದದ ಅಂತ ನೋಡಾಕ 2000ದಾಗ ಸರ್ಕಾರದ ಸಮಿತಿ ಆಯ್ತು, ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರದವ್ರು, ನೀರಾವರಿ, ಸಾಲಿ, ದವಾಖಾನಿ, ರಸ್ತಾ, ಬ್ಯಾಂಕು ಅಂತ 35 ಸೂಚ್ಯಂಕ ಹಿಡದು ಒಂದೊಂದು ತಾಲ್ಲೂಕಿಗೂ ಮಾರ್ಕ್ಸ್ ಹಾಕಿ 2002ರಾಗ ರಿಪೋರ್ಟ್ ಕೊಟ್ರು. ರಾಜ್ಯದ ಸರಾಸರಿ 1, ಅದಕ್ಕ ಕಡಿಮಿ ಬಂದ್ರ ಹಿಂದುಳಿದ ತಾಲ್ಲೂಕು. 175ರಾಗ 114 ಕೆಳಗ ಬಿದ್ವು, ಅದ್ರಾಗ 39 ಅತ್ಯಂತ ಹಿಂದುಳಿದವು. ನಮ್ಮ ದೇವದುರ್ಗಕ್ಕ 0.53, ಎಲ್ಲಾರಕಿಂತ ಕೆಳಗ! ಆ 39ರಾಗ 21 ಕಲಬುರಗಿ ವಿಭಾಗದಾಗ ಅವ ಅಂದ್ರ ಯಾರಿಗೂ ಹೊಸಾದಲ್ಲ, ಆದ್ರ ಬೆಂಗಳೂರು ಬಾಜೂನ ಇರೋ ಕನಕಪುರ, ಮಾಗಡಿ ಸೈತ ಅದೇ ಪಟ್ಟಿನಾಗ ಅವ ನೋಡ್ರಿ, ಬರೇ ಉತ್ತರ ದಕ್ಷಿಣ ಅಂತ ಜಗಳಾಡಿದ್ರ ಇದು ಗೊತ್ತಾಗ್ತಿತ್ತೇನು? 8 ವರ್ಷಕ್ಕ 31,000 ಕೋಟಿ ಖರ್ಚು ಮಾಡ್ರಿ ಅಂತ ಹೇಳಿದ್ರು. ಮುಂದ ನಮ್ಮ ಕಡಿ ಮಂದಿಗೆ ಸೀಟು, ನೌಕರಿದಾಗ ಮೀಸಲಾತಿ ಕೊಡೋ ಸಂವಿಧಾನದ 371ಜೆ ವಿಧಿ ಬಂದಿದ್ದು ಹೋರಾಟದಿಂದ, ವೈಜನಾಥ ಪಾಟೀಲರಂಥವ್ರು ವರ್ಷಗಟ್ಟಲೆ ಓಡಾಡಿದ್ರು, ಅದನ್ನ ಮರೀಬಾರದು. ಖರೆ, ಹೋರಾಟದವ್ರ ಕೈಯಾಗ ನಂಬರ್ ಇತ್ತು. ನಮ್ಮ ತಂಗಿಗೆ ಮೆಡಿಕಲ್ ಸೀಟ್ ಸಿಕ್ಕದ್ದು ಆ ಮೀಸಲಾತಿದಾಗೇ.

ಬಿಸಿಯೂಟದ_ಟೀಚರ್:
ಮೊಟ್ಟೆ ವಿಷ್ಯ ಯಾರೂ ಹೇಳಿಲ್ವಲ್ಲ. 2021ರ ಡಿಸೆಂಬರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಶುರುವಾದಾಗ ಕೆಲವು ಮಠದ ಸ್ವಾಮೀಜಿಗಳು ಬೇಡ್ವೇ ಬೇಡ ಅಂದ್ರು, ಟಿವೀಲಿ ಬೆಳಗ್ಗೆಯಿಂದ ರಾತ್ರಿವರೆಗೂ ಅದೇ ಚರ್ಚೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವ್ರು ಏನ್ಮಾಡಿದ್ರು ಅಂದ್ರೆ ಮೊಟ್ಟೆ ಕೊಡ್ತಿದ್ದ ಯಾದಗಿರಿ ಮಕ್ಕಳನ್ನೂ ಕೊಡದೇ ಇದ್ದ ಗದಗದ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿದ್ರು, ಯಾದಗಿರಿ ಮಕ್ಕಳು ಚೆನ್ನಾಗಿ ತೂಕ ಹಾಕಿದ್ರು, ಅದ್ರಲ್ಲೂ ಹೆಣ್ಮಕ್ಕಳು. ಮುಂದಿನ ವರ್ಷ ಎಲ್ಲಾ ಜಿಲ್ಲೆಗೂ ಬಂತು, ತಿನ್ನದವ್ರಿಗೆ ಬಾಳೆಹಣ್ಣು, ಚಿಕ್ಕಿ. ಸ್ಟಡಿಯೊಂದ್ರಿಂದಲೇ ಬಂತು ಅಂತ ನಾನೇನೂ ಹೇಳಲ್ಲ, ಮಕ್ಕಳೇ ಕ್ಯಾಮೆರಾ ಮುಂದೆ ನಿಂತು ನಮ್ಗೆ ಮೊಟ್ಟೆ ಬೇಕು ಅಂದಿದ್ದೂ ಇದೆ. ಆದ್ರೆ ಸ್ಟಾಫ್ ರೂಮಲ್ಲಿ ವಾದ ಮಾಡೋವಾಗ ನಂಗಂತೂ ಬಹಳ ಉಪಯೋಗಕ್ಕೆ ಬಂತು 😄

ಸರ್ವೆ_ಬ್ಯಾಗ್:
ಸ್ವಲ್ಪ ತಣ್ಣೀರು ಹಾಕ್ತೀನಿ, ಬೇಜಾರಾಗ್ಬೇಡಿ. ನಾನು ಸರ್ವೆಗಳಿಗೆ ಮನೆಮನೆ ತಿರುಗೋನು. ಬಾಗ್ಲಲ್ಲಿ ಬ್ಯಾಗ್ ನೋಡಿದ ತಕ್ಷಣ ಬರೋ ಮೊದಲ ಮಾತೇ "ಕಾರ್ಡ್ ಕ್ಯಾನ್ಸಲ್ ಮಾಡೋಕೆ ಬಂದ್ರಾ?". ಗಾಡಿ ಇದ್ಯಾ ಅಂದ್ರೆ ಇಲ್ಲ ಅಂತಾರೆ, ಅವ್ರ ಹಿಂದೇನೇ ಪಲ್ಸರ್ ನಿಂತಿರುತ್ತೆ, ನಾವು ಇಲ್ಲ ಅಂತಾನೇ ಟಿಕ್ ಮಾಡ್ತೀವಿ. ಇಂಥ ಫಾರಂಗಳಿಂದ ಪರ್ಸೆಂಟೇಜ್ ತೆಗ್ದು ಗ್ರಾಫ್ ಹಾಕಿದ್ರೆ ನಂಗೆ ನಗು ಬರುತ್ತೆ. ಆದ್ರೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹಾಗಲ್ಲ, 1948ರಲ್ಲಿ ಮೈಸೂರಿನ ಹತ್ರದ ಹಳ್ಳೀಲಿ, ಬರವಣಿಗೇಲಿ ಅದಕ್ಕೆ ರಾಂಪುರ ಅಂತ ಹೆಸ್ರು ಕೊಟ್ರಲ್ಲ, ಅಲ್ಲಿ ತಿಂಗಳುಗಟ್ಲೆ ಇದ್ದು ನೋಡಿದ್ರು. ಈಗ ಎಲೆಕ್ಷನ್ ಬಂದ್ರೆ ಪ್ರತಿ ಆ್ಯಂಕರ್ ಬಾಯಲ್ಲೂ ಪ್ರಬಲ ಜಾತಿ, ಪ್ರಬಲ ಜಾತಿ, ಅದು ಶ್ರೀನಿವಾಸ್ ಬಳಕೆಗೆ ತಂದ ಪರಿಕಲ್ಪನೆ ಅಂತ ಅರ್ಧ ಜನಕ್ಕೆ ಗೊತ್ತಿಲ್ಲ. ನಿಮ್ಮ ಮಾವನೂ ಆಡ್ತಿರ್ತಾರೆ, ಕೇಳಿ ನೋಡಿ.

ರಾಯಚೂರ್_ಮಂದಿ:
ಸರ್ವೆ ಅಣ್ಣ ಹೇಳೋದು ಖರೆ ಅದ. ಆದ್ರ ನಂಜುಂಡಪ್ಪನವ್ರ ಲೆಕ್ಕ ಹೆಚ್ಚಾಗಿ ಇಲಾಖೆ ಅಂಕಿಮ್ಯಾಲೆ ಆಗಿದ್ದು, ಸಾಲಿ ಎಷ್ಟು, ಹಾಸಿಗಿ ಎಷ್ಟು ಅಂತ, ಅಲ್ಲಿ ಪಲ್ಸರ್ ಮುಚ್ಚಿಡೋ ಪ್ರಶ್ನೆ ಬರಂಗಿಲ್ಲ. ನಂದು ಸಿಟ್ಟು ಬ್ಯಾರೆ. ರಿಪೋರ್ಟ್ 2002ರಾಗ ಬಂದ್ರ ವಿಶೇಷ ಯೋಜನೆ ಚಾಲೂ ಆಗಿದ್ದು 2007-08ಕ್ಕ. ಐದು ವರ್ಷ ಕಪಾಟಿನಾಗ ಮಲಗಿತ್ತು. ಈಗ 2024ರಾಗ ಗೋವಿಂದ ರಾವ್ ಅವ್ರ ಅಧ್ಯಕ್ಷತೆದಾಗ ಮತ್ತ ಸಮಿತಿ ಮಾಡ್ಯಾರ. ಪ್ರೊಫೆಸರ್ ಕೆಲಸ ಅಳಿಯೋದು, ದುಡ್ಡು ಬಿಡೋದು ಮಂತ್ರಿ ಕೆಲಸ, ಎರಡೂ ಕೂಡ್ಸಿ ರಿಸರ್ಚ್ ದಂಡ ಅನಬ್ಯಾಡ್ರಿ.
ತಮ್ಮಾ, ನಿಮ್ಮ ಜಿಲ್ಲಾದಾಗೇ ಆ 39ರಾಗಿನವು ಅವಲ್ಲ, ಗುಬ್ಬಿ, ಕುಣಿಗಲ್, ಮಧುಗಿರಿ, ಶಿರಾ, ಪಾವಗಡ. ಟಾಪಿಕ್ ಯಾಕ ಹುಡುಕ್ತಿ?

ತುಮಕೂರ್_ಕಡೆಯವ್ನು:
ಗುಬ್ಬಿನಾ!? ಮಾವನ ಊರೇ ಗುಬ್ಬಿ 😂 ಒಂದು ಡೌಟು, ಆ 35ರಲ್ಲಿ ಎಲ್ಲಾನೂ ನಂಗಾಗಲ್ಲ, ಒಂದಿಷ್ಟಕ್ಕೆ ಈಗಿನ ತಾಲ್ಲೂಕುವಾರು ಅಂಕಿ ಎಲ್ಲಿ ಸಿಗುತ್ತೆ?

ಸರ್ವೆ_ಬ್ಯಾಗ್:
ಜಿಲ್ಲಾ ಅಂಕಿ ಅಂಶಗಳ ನೋಟ ಅಂತ ವರ್ಷವರ್ಷ ಬರುತ್ತೆ, ಜಿಲ್ಲಾ ಸಾಂಖ್ಯಿಕ ಕಚೇರೀಲಿ ಕೇಳಿ, ಹಳೇ ವರ್ಷದ್ದೂ ಕೇಳಿ, ಇಲ್ದಿದ್ರೆ ಹೋಲಿಸೋಕೆ ಏನೂ ಇರಲ್ಲ. ಎಚ್‌ಒಡಿ ಸೈನ್ ಇರೋ ಲೆಟರ್ ತಗೊಂಡೇ ಹೋಗಿ, ಇಲ್ಲಾಂದ್ರೆ ನಾಳೆ ಬಾ ಅಂತಾರೆ.