ಪ್ರವಾಸದಲ್ಲಿ ಪುಟ್ಟ ಮಕ್ಕಳ ದಿನಚರಿಯನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳಬಹುದು?

ಪ್ರಶ್ನೆ

ನಮಸ್ಕಾರ. ನಮಗೆ ನಾಲ್ಕು ವರ್ಷದ ಮಗಳು ಮತ್ತು ಒಂದೂವರೆ ವರ್ಷದ ಮಗ ಇದ್ದಾರೆ. ಊರಿಂದೂರಿಗೆ ಸಾಗುವ ದೀರ್ಘ ಪ್ರವಾಸವೊಂದಕ್ಕೆ ಹೊರಡಲಿದ್ದೇವೆ. ವಿಮಾನಯಾನವೂ ಇದೆ, ಕಾರಿನ ದಾರಿಯೂ ಇದೆ. ಮನೆಯಲ್ಲಿ ಮಧ್ಯಾಹ್ನದ ನಿದ್ದೆ, ಸಂಜೆಯ ಸ್ನಾನ, ರಾತ್ರಿಯ ಕಥೆ ಎಲ್ಲವೂ ಗಡಿಯಾರ ನೋಡಿಕೊಂಡೇ ನಡೆಯುತ್ತವೆ. ಇದನ್ನು ಹೊರಗೂ ಬಿಡಬಾರದೆಂಬುದು ನನ್ನ ಅಭಿಪ್ರಾಯ. ಪ್ರವಾಸದಲ್ಲಿ ಅದು ಆಗದ ಮಾತೆಂಬುದು ನನ್ನ ಪತಿಯ ವಾದ. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಗಡಿಯಾರವನ್ನು ಬಿಟ್ಟುಬಿಡಿ, ಆದರೆ ಅನುಕ್ರಮವನ್ನು ಬಿಡಬೇಡಿ. ಸ್ನಾನವಾದ ಮೇಲೆ ಕಥೆ, ಕಥೆಯಾದ ಮೇಲೆ ದೀಪ ಆರಿಸುವುದು ಎಂಬ ಸರಣಿ ಮಗುವಿಗೆ ಪರಿಚಿತವಾಗಿದ್ದರೆ, ಅದು ಎಂಟು ಗಂಟೆಗೆ ನಡೆಯಿತೋ ಒಂಬತ್ತೂವರೆಗೆ ನಡೆಯಿತೋ ಎಂಬುದು ಅಷ್ಟು ಮುಖ್ಯವಾಗುವುದಿಲ್ಲ. ನೋಡಬೇಕಾದದ್ದು ಒಟ್ಟು ನಿದ್ದೆಯನ್ನು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ, ಹಗಲಿನ ನಿದ್ದೆಯೂ ಸೇರಿ, ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದು ದಿನ ಕಡಿಮೆಯಾದರೆ ಮರುದಿನದ ಓಡಾಟವನ್ನು ಮೊಟಕುಗೊಳಿಸಿ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಮಕ್ಕಳೇನೂ ಬರೆದಿರುವುದಿಲ್ಲವಲ್ಲ!

ಬೇರೆ ಕಾಲವಲಯಕ್ಕೆ ಹೋಗುವುದಾದರೆ, ಪ್ರತಿ ಒಂದು ಗಂಟೆಯ ವ್ಯತ್ಯಾಸಕ್ಕೆ ದೇಹ ಹೊಂದಿಕೊಳ್ಳಲು ಸುಮಾರು ಒಂದು ದಿನ ಹಿಡಿಯುತ್ತದೆ. ಹಗಲಿನಲ್ಲಿ ಮಕ್ಕಳನ್ನು ಬೆಳಕಿಗೆ ಕರೆದೊಯ್ದು, ಊಟವನ್ನು ಅಲ್ಲಿನ ಸಮಯಕ್ಕೇ ಕೊಡುತ್ತ ಬಂದರೆ ನಿದ್ದೆಯೂ ನಿಧಾನವಾಗಿ ಹಿಂಬಾಲಿಸುತ್ತದೆ. ತಲುಪಿದ ದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಎರಡನೆಯ ಉತ್ತರ

ಮೇಲಿನ ಮಾತನ್ನು ಮಗಳ ಮಟ್ಟಿಗೆ ಒಪ್ಪುತ್ತೇನೆ, ಮಗನ ಮಟ್ಟಿಗೆ ಪೂರ್ತಿಯಾಗಿ ಅಲ್ಲ. ಒಂದೂವರೆ ವರ್ಷದ ಮಗು ಕಾರಿನಲ್ಲಿ ತುಂಡು ತುಂಡಾಗಿ ಮಾಡುವ ನಿದ್ದೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡು ಸಮಾಧಾನಪಟ್ಟರೆ, ಸಂಜೆಯ ಹೊತ್ತಿಗೆ ಅದರ ಅಳು ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಮಧ್ಯಾಹ್ನ ಒಮ್ಮೆ ಕೋಣೆಗೆ ಮರಳಿ ಸಮತಟ್ಟಾದ ಹಾಸಿಗೆಯಲ್ಲಿ ಮಲಗಿಸುವುದು ಒಳ್ಳೆಯದು. ಆ ಹೊತ್ತಿನಲ್ಲಿ ತಂದೆ ತಾಯಿಯರಲ್ಲಿ ಒಬ್ಬರು ಮಗಳನ್ನು ಹೊರಗೆ ಆಡಿಸಬಹುದು.

ಇನ್ನೊಂದು ವಿಷಯ. ಅದೇ ಮಾರ್ಗಸೂಚಿಯಲ್ಲಿ ಪುಟ್ಟ ಮಕ್ಕಳನ್ನು ತಳ್ಳುಗಾಡಿಯಂಥವುಗಳಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದೆಂದಿದೆ. ದೂರದ ಕಾರು ಪ್ರಯಾಣದಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಕಷ್ಟ, ಆದರೂ ಆಗಾಗ ನಿಲ್ಲಿಸಿ ಇಬ್ಬರನ್ನೂ ಓಡಾಡಲು ಬಿಡಿ. ನಿಲ್ಲಿಸದೆ ಉಳಿಸಿದ ಸಮಯ ಹೇಗೂ ಹಟ ಬಿಡಿಸುವುದರಲ್ಲೇ ಕಳೆದುಹೋಗುತ್ತದೆ.

ಮೂರನೆಯ ಉತ್ತರ

ವಿಮಾನ ಇಳಿಯಲಾರಂಭಿಸಿದಾಗ ಮಗ ಎಚ್ಚರವಿದ್ದು ಏನನ್ನಾದರೂ ಕುಡಿಯುತ್ತಿರುವಂತೆ ನೋಡಿಕೊಳ್ಳಿ. ನುಂಗುವಾಗ ಕಿವಿಯ ಒಳಗಿನ ನಾಳ ತೆರೆದುಕೊಂಡು ಒತ್ತಡ ಸರಿಹೋಗುತ್ತದೆ. ಕಾರಿನಲ್ಲಿ ವಾಂತಿಯ ಚಿಂತೆ ಹೆಚ್ಚಾಗಿ ಮಗಳದ್ದು, ಏಕೆಂದರೆ ಎರಡು ವರ್ಷದೊಳಗಿನವರಲ್ಲಿ ಅದು ಅಪರೂಪ. ಅವಳ ಕೈಗೆ ಪುಸ್ತಕವನ್ನಾಗಲಿ ಮೊಬೈಲನ್ನಾಗಲಿ ಕೊಡದೆ, ದೂರದ ದೃಶ್ಯಗಳನ್ನು ನೋಡಿಸುತ್ತ ಮಾತನಾಡಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮಧ್ಯಾಹ್ನ ಕೋಣೆಗೆ ಮರಳುವ ಸಲಹೆಗೆ ಪತಿಯೂ ಒಪ್ಪಿದ್ದಾರೆ, ಬಹುಶಃ ತಮಗೂ ಮಲಗಲು ಸಿಗುತ್ತದೆಂದು. ಹೊಸ ಜಾಗದಲ್ಲಿ ಮಗ ರಾತ್ರಿ ಬೆಚ್ಚಿ ಏಳುತ್ತಾನೆ, ಅದಕ್ಕೇನಾದರೂ ಉಪಾಯವಿದೆಯೇ?

ಎರಡನೆಯ ಉತ್ತರ ಬರೆದವರು

ಮನೆಯಲ್ಲಿ ಅವನು ಬಳಸುವ ಹೊದಿಕೆಯನ್ನು ಒಗೆಯದೆ ಹಾಗೆಯೇ ತೆಗೆದುಕೊಂಡು ಹೋಗಿ; ಪರಿಚಿತ ವಾಸನೆಯಿಂದ ಎಷ್ಟೋ ಮಕ್ಕಳು ಸಮಾಧಾನಗೊಳ್ಳುತ್ತಾರೆ. ತಲುಪಿದ ಕೂಡಲೇ, ಇನ್ನೂ ಬೆಳಕಿರುವಾಗಲೇ, ಅವನು ಮಲಗುವ ಜಾಗದಲ್ಲಿ ಸ್ವಲ್ಪ ಹೊತ್ತು ಆಡಲು ಬಿಡಿ. ರಾತ್ರಿ ಎದ್ದರೆ ದೊಡ್ಡ ದೀಪವನ್ನು ಹಾಕದೆ, ಪಕ್ಕದಲ್ಲೇ ಕುಳಿತು ಮೆಲ್ಲಗೆ ತಟ್ಟಿ ಮಲಗಿಸಿ.