ರಾಯಚೂರು: ಎರೆ ಮಣ್ಣು, ಸವಳು ನೀರು – ಮನೆ ಮುಂದಿನ ತೋಟ ಹೊಸದಾಗಿ ಮಾಡೋದು ಹೆಂಗ?

ಎರೆಹೊಲ:
ಪಶ್ಚಿಮಕ್ಕೆ ಮುಖ ಇರೋ ಮನೆ. ಗೇಟಿನಿಂದ ಕಟ್ಟೆತನಕ 20 ಅಡಿ, ಅಗಲ 12 ಅಡಿ. ಅಪ್ಪಟ ಎರೆ. ಬೇಸಿಗೆಗೆ ಕೈ ಹೋಗುವಷ್ಟು ಬಿರುಕು, ಮಳೆಗಾಲಕ್ಕೆ ಇಟ್ಟಿಗೆ ದಾರಿ ಉಬ್ಬುತ್ತದೆ. ಬೋರ್ ನೀರು ಬಿಟ್ಟಲ್ಲೆಲ್ಲ ಬಿಳಿ ಪದರ. ಹುಲ್ಲು ಒಣಗಿದೆ, ಇಕ್ಸೋರಾ ಹೂಗಿಡದ ಎಲೆ ಹಳದಿ, ನರ ಮಾತ್ರ ಹಸಿರು. ಎಲ್ಲ ಕಿತ್ತು ದಾರಿ, ಹೂಗಿಡ, 150 ಚದರಡಿ ಹುಲ್ಲುಹಾಸು ಮಾಡಬೇಕು. ಎರಡಡಿ ಗುಂಡಿ ತೆಗೆದು ಮಸಾರಿ (ಕೆಂಪು) ಮಣ್ಣು ತುಂಬಿದರೆ ಸಾಕಾ? ಜಿಪ್ಸಂ ಬೇಕಾ?

ಮಸಾರಿ:
ಗುಂಡಿ ಬ್ಯಾಡ್ರಿ. ಎರೆಯಲ್ಲಿ ಗುಂಡಿ ತೆಗೆದು ಸಡಿಲ ಮಣ್ಣು ತುಂಬಿದರೆ ಅದು ಬೋಗುಣಿ ಆಗುತ್ತೆ. ಮಳೆ ನೀರು ಅಲ್ಲಿಗೇ ಇಳಿದು ನಿಲ್ಲುತ್ತೆ, ಬೇರು ಕೊಳೆಯುತ್ತೆ. ಮಡಿಯನ್ನೇ ಒಂದಡಿ ಎತ್ತರಿಸಿ: ಎರಡು ಪಾಲು ಮಸಾರಿ, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಗಿಡಕ್ಕೆ 200 ಗ್ರಾಂ ಬೇವಿನ ಹಿಂಡಿ. ಅಡಿಯ ಎರೆಯನ್ನು ಹದ ಇದ್ದಾಗ ಗುದ್ದಲಿಯಿಂದ ಒಂದು ಗೇಣು ಸಡಿಲ ಮಾಡಿ. ಹಸಿಯಿದ್ದಾಗ ಅಗೆದರೆ ಹೆಂಟೆ ಕಟ್ಟಿ ಕಲ್ಲಾಗುತ್ತೆ. ಗೋಡೆಯಿಂದ ಮೂರು ಅಡಿ ಒಳಗೆ ಮಡಿ ಬೇಡ. ಅಲ್ಲಿ ನೀರು ಬಿಟ್ಟರೆ ಎರೆ ಉಬ್ಬಿ ಪಾಯಕ್ಕೆ ತೊಂದರೆ.

ದಾರಿಗೆ 9 ಇಂಚು ಅಗೆದು, 6 ಇಂಚು ಮೊರಂ (ಗರಸು ಮಣ್ಣು) ಎರಡು ಪದರವಾಗಿ ನೀರು ಚಿಮುಕಿಸಿ ಬಡಿಯಿರಿ. ಮೇಲೆ 2 ಇಂಚು ಕ್ರಷರ್ ಪುಡಿ, ಅದರ ಮೇಲೆ ಶಹಾಬಾದ್ ಕಲ್ಲು. ಸಂದಿಗೆ ಸಿಮೆಂಟ್ ಹಾಕಬೇಡಿ, ಉಬ್ಬಿದಾಗ ಒಡೆಯುತ್ತೆ. ಗೇಟಿನ ಕಡೆ 5 ಅಡಿಗೆ 1 ಇಂಚು ಇಳಿಜಾರು ಇರಲಿ.

ಹನಿನೀರು:
ಜಿಪ್ಸಂ ವಿಷಯ: ಬಿಳಿ ಪದರ ನೋಡಿ ಹಾಕಬೇಡಿ. ಮಣ್ಣಲ್ಲಿ ಸೋಡಿಯಂ ಹೆಚ್ಚಿದ್ದರೆ ಮಾತ್ರ ಉಪಯೋಗ. ಬರೀ ಉಪ್ಪಿದ್ದರೆ ಒಳ್ಳೆ ನೀರು ಹಾಯಿಸಿ ಕೆಳಗೆ ಇಳಿಸಬೇಕು, ಅದು ಬಸಿದು ಹೋಗೋ ದಾರಿನೂ ಇರಬೇಕು. ಕೃಷಿ ವಿವಿಯಲ್ಲಿ ಮಣ್ಣು, ಬೋರ್ ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಆಮೇಲೆ ಲೆಕ್ಕ ಹಾಕಿ.

ಹುಲ್ಲುಹಾಸು ನನಗಂತೂ ಸರಿ ಕಾಣಲ್ಲ. 150 ಚದರಡಿ ಅಂದ್ರೆ 14 ಚದರ ಮೀಟರ್. ಮೇ ತಿಂಗಳಲ್ಲಿ ದಿನಕ್ಕೆ 6 ಮಿ.ಮೀ. ನೀರು ಹಿಡಿದರೂ 84 ಲೀಟರ್ ಬೇಕು, ಅದೂ ಸವಳು. ಬೇಕೇ ಬೇಕು ಅಂದ್ರೆ ಬರ್ಮುಡಾ ಹುಲ್ಲು, 30 ಚದರಡಿ ಸಾಕು.

ಗಿಡಗಳಿಗೆ 16 ಮಿ.ಮೀ. ಪೈಪು, ಗಿಡಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಅರ್ಧ ಗಂಟೆ ಬಿಟ್ಟರೆ 4 ಲೀಟರ್. ವಾರಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ನೀರು ಹರಿಬಿಡಿ, ಇಲ್ಲಾಂದ್ರೆ ಸುಣ್ಣ ಕಟ್ಟುತ್ತೆ. ಇನ್ನೊಂದು, ಬಹಳ ಜನ ತಪ್ಪೋದು ಇಲ್ಲೇ: ಮೊದಲ ತುಂತುರು ಮಳೆ ಬಂತು ಅಂತ ಡ್ರಿಪ್ ನಿಲ್ಲಿಸಬೇಡಿ. ತೇವದ ಅಂಚಿಗೆ ಸೇರಿದ್ದ ಉಪ್ಪು ಆ ಮಳೆಗೆ ಬೇರಿನ ಕಡೆ ಇಳಿಯುತ್ತೆ. ಜೋರು ಮಳೆ ಆಗೋತನಕ ನಡೀಲಿ.

ಸಸಿಮನೆ:
ಇಕ್ಸೋರಾಗೆ ಕಬ್ಬಿಣದ ಕೊರತೆ. ಸುಣ್ಣದ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಸಂಜೆ ಎಲೆಗೆ ಸಿಂಪಡಿಸಿ, 15 ದಿನಕ್ಕೊಮ್ಮೆ. ಹೊಸ ಚಿಗುರು ಹಸಿರಾಗುತ್ತೆ, ಹಳೇ ಎಲೆ ಪೂರ್ತಿ ತಿರುಗಲ್ಲ. ಆದ್ರೆ ವರ್ಷವಿಡೀ ಔಷಧಿ ಹೊಡೆಯೋ ಗಿಡ ಮನೆ ಮುಂದೆ ಯಾಕ್ರಿ?

ಪಶ್ಚಿಮದ ಬಿಸಿಲಿಗೆ, ಸವಳಿಗೆ ಕಾಗದದ ಹೂ, ದೇವಕಣಗಿಲೆ (ಪ್ಲುಮೇರಿಯಾ) ತಾಳುತ್ತವೆ. ಕಾಗದದ ಹೂವಿಗೆ ನೀರು ಜಾಸ್ತಿ ಆದರೆ ಬರೀ ಎಲೆ ಬರುತ್ತೆ, ಬೇರೂರಿದ ಮೇಲೆ ಒಣಗಗೊಟ್ಟು ಬಿಡಿ. ಮಲ್ಲಿಗೆ, ಗುಲಾಬಿ ಬೇಕಿದ್ದರೆ ಕಟ್ಟೆ ಮಗ್ಗುಲಲ್ಲಿ ಕುಂಡದಲ್ಲಿಟ್ಟು ನಳದ ನೀರು ಹಾಕಿ. ನೆಡೋದು ಒಂದೆರಡು ಒಳ್ಳೆ ಮಳೆ ಆದ ಮೇಲೆ. ಹೊದಿಕೆಗೆ ಭತ್ತದ ಹೊಟ್ಟು ಬೇಡ, ಆಷಾಢದ ಗಾಳಿಗೆ ಹಾರುತ್ತೆ. ಒಣ ಎಲೆ ಮೂರು ಇಂಚು, ಕಾಂಡಕ್ಕೆ ತಾಗದಂಗ.

ಎರೆಹೊಲ:
ಹುಲ್ಲು ಬಿಟ್ಟೆ. ಗೇಟಿನ ಹತ್ತಿರ ಕಣಗಿಲೆ ಹಾಕಬಹುದಾ?

ಸಸಿಮನೆ:
ಬೆಳೆಯೋದು ಚೆನ್ನಾಗೇ ಬೆಳೆಯುತ್ತೆ. ಆದ್ರೆ ಇಡೀ ಗಿಡ ವಿಷ. ಸಣ್ಣ ಮಕ್ಕಳು, ಬೀದಿಯ ಆಡು ಬರೋ ಜಾಗ ಆದ್ರೆ ಬ್ಯಾಡ. ಅಲ್ಲಿಗೂ ಕಾಗದದ ಹೂವೇ ಹಾಕ್ರಿ.