ಮೊಲದ ಹಿಂಗಾಲು ಬಿದ್ದುಹೋಗಿದೆ, ಆರೈಕೆ ಹೇಗೆ?

ಪ್ರಶ್ನೆ (ತುಮಕೂರು): ಮೂರು ವರ್ಷದ ಗಂಡು ಮೊಲ, 2 ಕೆಜಿ. ಮೊನ್ನೆ ಎತ್ತಿಕೊಂಡಾಗ ಜೋರಾಗಿ ಒದ್ದಾಡಿತು, ಅಲ್ಲಿಂದ ಹಿಂಗಾಲೆರಡನ್ನೂ ಎಳೆದುಕೊಂಡು ಓಡಾಡ್ತಿದೆ. ಹೊಟ್ಟೆಯಡಿ ಸದಾ ಒದ್ದೆ. ಹುಲ್ಲು ತಿಂತಿದೆ. ಎಣ್ಣೆ ತಿಕ್ಕಲಾ? ಗಾಲಿ ಗಾಡಿ ಮಾಡಿಸಲಾ? ತಿಳಿದವರು ಹೇಳಿ.

ಬೆಂಗಳೂರು, ಪಶುವೈದ್ಯರು: ಎರಡೂ ಈಗ ಬೇಡ. ಮೊಲದ ಎಲುಬೆಲ್ಲ ಸೇರಿ ಮೈತೂಕದ 7–8% ಮಾತ್ರ, ಬೆಕ್ಕಿನದು 12–13%. ಹಿಂಗಾಲಿನ ಸ್ನಾಯುಗಳಿಗೋ ಭಾರೀ ಬಲ. ಸೊಂಟಕ್ಕೆ ಆಧಾರವಿಲ್ಲದೆ ಎತ್ತಿದಾಗ ಒದ್ದರೆ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಹೆಚ್ಚಾಗಿ ಪೆಟ್ಟು ಬೀಳುವುದು ಸೊಂಟದ ಕೊನೆಯ ಕಶೇರುಗಳಿಗೆ. ಹಾಗಾಗಿ ಮೊದಲು ಎಕ್ಸ್-ರೇ. ಮೈಯುದ್ದಕ್ಕೆ ಸರಿಹೊಂದುವ ರಟ್ಟಿನ ಡಬ್ಬದಲ್ಲಿ ಟವೆಲ್ ಸುರುಳಿಗಳನ್ನು ಎರಡೂ ಬದಿಗೆ ಒತ್ತಿಟ್ಟು, ಅಲುಗಾಡದಂತೆ ಒಯ್ಯಿರಿ. ಹತ್ತಿರದಲ್ಲಿ ಮೊಲ ನೋಡುವವರು ಸಿಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬನ್ನಿ.

ವೈದ್ಯರು ಕಾಲ್ಬೆರಳು ಚಿವುಟಿ ನೋಡುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಂಡಿತೆಂದು ಸಂತೋಷಪಡಬೇಡಿ, ಅದು ಬೆನ್ನುಹುರಿಯೊಂದರಿಂದಲೇ ಆಗಬಹುದು. ಮೊಲ ತಲೆ ತಿರುಗಿಸಿತೇ, ಚೀರಿತೇ ಎಂಬುದು ಮುಖ್ಯ. ನೋವು ಮಿದುಳಿಗೆ ಮುಟ್ಟದಿದ್ದರೆ ಚೇತರಿಕೆಯ ಆಸೆ ಕಡಿಮೆ. ಮುರಿತವಿದ್ದು ಸಾಕಲು ನಿರ್ಧರಿಸಿದರೆ ಸುಮಾರು ಆರು ವಾರ ಚಿಕ್ಕ ಗೂಡಿನಲ್ಲಿ ವಿಶ್ರಾಂತಿ, ಜೊತೆಗೆ ವೈದ್ಯರು ಬರೆದ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧಿ.

ಎಲುಬು ಸರಿಯಿದ್ದರೆ ಮುಂದಿನ ಅನುಮಾನ ಮಿದುಳು, ನರಗಳಿಗೆ ತಗಲುವ ಎನ್ಸೆಫಲಿಟೋಜೂನ್ ಎಂಬ ಪರಾವಲಂಬಿ. ಅದಕ್ಕೆ ಫೆನ್‌ಬೆಂಡಜೋಲ್, ಕೆಜಿಗೆ 20 ಮಿ.ಗ್ರಾಂ, ದಿನಕ್ಕೊಮ್ಮೆ, 28 ದಿನ. ನಿಮ್ಮ ಮೊಲಕ್ಕೆ 40 ಮಿ.ಗ್ರಾಂ: 2.5% ದ್ರಾವಣವಾದರೆ 1.6 ಮಿ.ಲೀ., 10% ಆದರೆ 0.4 ಮಿ.ಲೀ. ಬಾಟಲಿಯ ಮೇಲಿನ ಶೇಕಡಾ ಓದದೆ ಕೊಟ್ಟರೆ ನಾಲ್ಕು ಪಟ್ಟು ಏರುಪೇರಾಗುತ್ತದೆ. ಈ ಔಷಧಿ ರಕ್ತ ತಯಾರಿಸುವ ಎಲುಬಿನ ಮಜ್ಜೆಯನ್ನು ಕುಗ್ಗಿಸಬಲ್ಲದು, ಆದ್ದರಿಂದ ನಡುವೆ ರಕ್ತಪರೀಕ್ಷೆ ಮಾಡಿಸಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ (ಆ್ಯಂಟಿಬಯಾಟಿಕ್) ಬಾಯಿಗೆ ಹಾಕಲೇಬೇಡಿ. ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಜೀವಕ್ಕೇ ಕುತ್ತು.

ಮೈಸೂರು: ಕಾಲಿನ ಚಿಂತೆ ಆಮೇಲಿರಲಿ ಅಕ್ಕ, ಇಂಥ ಮೊಲಗಳ ಜೀವ ಹೋಗೋದು ಹೆಚ್ಚಾಗಿ ಮೂತ್ರ, ಹೊಟ್ಟೆ, ನೊಣದ ಹುಳು ಈ ಮೂರರಿಂದ. ಒದ್ದೆಯಾಗಿದೆ ಅಂದ್ರೆ ಮೂತ್ರಚೀಲ ಖಾಲಿಯಾಗ್ತಿದೆ ಅಂತಲ್ಲ, ತುಂಬಿ ಸೋರ್ತಿರಬಹುದು. ದಿನಕ್ಕೆ ಎರಡು ಮೂರು ಸಲ ಕೈಯಿಂದ ಒತ್ತಿ ತೆಗೀಬೇಕಾಗುತ್ತೆ. ತೊಡೆ ಮೂಳೆಗಳ ಮುಂದೆ, ಹೊಟ್ಟೆಯ ಎರಡೂ ಬದಿ ಬೆರಳಿಟ್ರೆ ನೀರು ತುಂಬಿದ ಬಲೂನಿನ ಹಾಗೆ ಸಿಗುತ್ತೆ. ಬಾಲದ ಕಡೆಗೆ ಮೆಲ್ಲಗೆ, ಒಂದೇ ಸಮ ಒತ್ತಡ. ಗಟ್ಟಿಯಾಗಿದ್ದು ಬರದಿದ್ರೆ ನಿಲ್ಲಿಸಿ, ಒಡೆದೀತು. ಬೆನ್ನು ಮುರಿದಿದೆಯೋ ಗೊತ್ತಾಗೋವರೆಗೆ ನೀವೇ ಶುರು ಮಾಡ್ಬೇಡಿ, ವೈದ್ಯರ ಕೈ ನೋಡಿ ಕಲೀರಿ.

ಹಾಸಿಗೆಗೆ ಕೆಳಗೆ ನಾಯಿಮರಿಗಳ ಯೂರಿನ್ ಪ್ಯಾಡ್, ಮೇಲೆ ಫ್ಲೀಸ್ ಬಟ್ಟೆ. ಮೂತ್ರ ಕೆಳಗಿಳಿದು ಮೇಲ್ಭಾಗ ಒಣಗಿರುತ್ತೆ. ಟರ್ಕಿ ಟವೆಲ್ ಬೇಡ, ದಾರದ ಕುಣಿಕೆಗೆ ಉಗುರು ಸಿಕ್ಕಿಕೊಳ್ಳುತ್ತೆ. ಒದ್ದೆಯಾದ ಭಾಗವನ್ನಷ್ಟೇ ಉಗುರುಬೆಚ್ಚನೆ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಜಿಂಕ್ ಮುಲಾಮು ಹಚ್ಚಿದ್ರೆ ನೆಕ್ಕುತ್ತೆ, ಅದು ವಿಷ. ಮಗ್ಗುಲು ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ.

ಧಾರವಾಡ: ಹುಲ್ಲ ತಿನ್ನಾಕತ್ತೈತಿ ಅಂದ್ರ ಛಲೋ ಆತು. ಆದ್ರ ಮೊಲ ಮೆತ್ತನ್ನ ಹಿಕ್ಕಿನೂ ಹಾಕತೈತಿ, ಅದನ್ನ ಸೀದಾ ಬಾಯಿ ಹಚ್ಚಿ ತಿಂತೈತಿ. ಬಿ ವಿಟಮಿನ್ ಅದರಾಗ ಇರ್ತಾವ. ಸೊಂಟ ಬಗ್ಗದಿದ್ರ ಅದು ಸಿಗಂಗಿಲ್ಲ, ಕೂದಲಕ್ಕ ಮೆತ್ಕೋತೈತಿ. ಆರಿಸಿ ತಾಟಿನ್ಯಾಗ ಮೂತಿ ಮುಂದ ಇಡ್ರಿ. ಕರಕಿ ಎಷ್ಟರ ತಿನ್ಲಿ, ಕುದರಿಮೆಂತೆ ಕಡಿಮಿ ಮಾಡ್ರಿ. ಅದರಾಗ ಸುಣ್ಣದಂಶ ಭಾಳ, ನಿಂತ ಮೂತ್ರದಾಗ ಕೆಸರ ಕಟ್ಟತೈತಿ. 12 ತಾಸು ತಿಂದಿಲ್ಲ, ಹಿಕ್ಕಿ ಹಾಕಿಲ್ಲ ಅಂದ್ರ ನಡುರಾತ್ರಿ ಆದ್ರೂ ಡಾಕ್ಟರ್ ಕಡೆ ಓಡ್ರಿ. ಹೊಟ್ಟಿ ಕಟ್ಟಿಲ್ಲ ಅಂತ ಅವರು ಹೇಳಿದ ಮ್ಯಾಲ ಮೊಲದ ಪೆಲೆಟ್ (ಅಂಗಡಿ ಕಾಳಿನಂಥ ಆಹಾರ) ನೆನಸಿ ಅರದು ಸಿರಿಂಜಿನಿಂದ ಕೊಡ್ರಿ: ಕೆಜಿಗೆ ದಿನಕ್ಕ 50 ಮಿ.ಲೀ., ಅಂದ್ರ ನಿಮ್ದಕ್ಕ 100, ನಾಕೈದು ಸಲಕ್ಕ ಹಂಚಿ. ಮುಂದಿನ ಹಲ್ಲಿನ ಹಿಂದ ಬಾಜೂದಿಂದ, ಒಮ್ಮೆಕ ಒಂದು ಮಿ.ಲೀ. ಮಾತ್ರ.

ಕೇಳಿದವರು: ನೊಣ ಬಹಳ. ಹಸುವಿನ ಹುಳದ ಗಾಯಕ್ಕೆ ಹಾಕೋ ಟರ್ಪೆಂಟೈನ್ ಇದೆ, ನಡೆಯುತ್ತಾ?

ಮಂಗಳೂರು: ಖಂಡಿತ ಬೇಡ. ಮೊಲದ ಚರ್ಮ ತೀರಾ ತೆಳು, ಸುಟ್ಟುಹೋಗುತ್ತದೆ; ನೆಕ್ಕಿದರೆ ಇನ್ನೂ ಕೆಟ್ಟದು. ನಾಯಿಗೆ ಉಣ್ಣೆ, ಚಿಗಟಕ್ಕೆಂದು ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಗೂಡಿಗೆ ಸೊಳ್ಳೆಪರದೆ ಕಟ್ಟಿ, ಬೆಳಿಗ್ಗೆ ಸಂಜೆ ಬಾಲದಡಿ, ತೊಡೆಸಂದು ಬಿಡಿಸಿ ನೋಡಿ. ಮೊಟ್ಟೆ ಒಂದು ದಿನದೊಳಗೆ ಹುಳುವಾಗುತ್ತದೆ. ಮೊಟ್ಟೆ ಕಂಡರೆ ಸಣ್ಣಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ. ಹುಳು ಕಂಡರೆ ಚಿಮಟದಿಂದ ಸಿಕ್ಕಷ್ಟು ತೆಗೆದು ಆ ಗಂಟೆಯಲ್ಲೇ ಆಸ್ಪತ್ರೆಗೆ ಹೊರಡಿ, ಒಳಹೊಕ್ಕದ್ದು ಹೊರಗೆ ಕಾಣುವುದಿಲ್ಲ.

ಮೈಸೂರು: ಗಾಡಿ ವಿಷಯ. ಮುರಿತ ಕೂಡಿ, ವೈದ್ಯರು ಒಪ್ಪಿದ ಮೇಲೆ ಮೊದಲು ವ್ಯಾಯಾಮ: ಮೊಲ ಮಗ್ಗುಲಾಗಿದ್ದಾಗ ಒಂದೊಂದೇ ಕೀಲನ್ನು ಹತ್ತು ಸಲ ಮಡಿಸಿ ಬಿಡಿಸಿ, ದಿನಕ್ಕೆ ಎರಡು ಸಲ. ಮುಂಗಾಲು ಗಟ್ಟಿಯಿದ್ರೆ ಮಾತ್ರ ಗಾಡಿ. ಬೆನ್ನು ನೆಲಕ್ಕೆ ಸಮವಾಗಿರ್ಬೇಕು, ಹಿಂಪಾದ ಉಜ್ಜಬಾರದು. ಮೊದಲು ಐದು ನಿಮಿಷ, ನೀವು ಪಕ್ಕದಲ್ಲೇ ಇದ್ದು; ಬಿಚ್ಚಿದ ಮೇಲೆ ಕಂಕುಳು, ತೊಡೆಸಂದಿನಲ್ಲಿ ಕೆಂಪಾಗಿದೆಯಾ ನೋಡಿ. ನನ್ನ ಕೇಳಿದ್ರೆ, ಜಾರದ ರಬ್ಬರ್ ಮ್ಯಾಟ್ ಮೇಲೆ ತಾನೇ ತೆವಳೋ ಮೊಲಕ್ಕೆ ಗಾಡಿ ಬೇಕಾಗೋದೇ ಅಪರೂಪ.